ಡಾರ್ಕ್ ಸೈಡ್ ಆಫ್ ದಿ ಮೂನ್: ಯಾವ ಪ್ರೆಸ್ಸಿಂಗ್ ಚೆನ್ನಾಗಿ ಕೇಳುತ್ತೆ? ನನ್ನ ಹತ್ರ ಇರೋದು ದಮ್‌ದಮ್‌ದು

ತೊಗರಿನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕು ಅನಿಸಿತು.

ಹೋದ ತಿಂಗಳು ಸೂಪರ್ ಮಾರ್ಕೆಟ್ ಹತ್ತಿರದ ಒಂದು ರದ್ದಿ ಅಂಗಡಿಯಲ್ಲಿ ಹಳೆ ಗೈಡುಗಳ ರಾಶಿ ನಡುವೆ ಪಿಂಕ್ ಫ್ಲಾಯ್ಡ್ ರಾಕ್ ಬ್ಯಾಂಡಿನ ಈ ಎಲ್‌ಪಿ ಸಿಕ್ಕಿತು. ಕವರಿನ ಒಂದು ಮೂಲೆ ಇಲಿ ತಿಂದಿದೆ. ಪೋಸ್ಟರ್ ಇಲ್ಲ, ಸ್ಟಿಕರ್ ಇಲ್ಲ. 400 ಅಂದ, 250ಕ್ಕೆ ಕೊಟ್ಟ. ಲೇಬಲ್ ಮೇಲೆ ಹಾರ್ವೆಸ್ಟ್ ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ದಮ್‌ದಮ್. ಅಂದರೆ ಕೋಲ್ಕತ್ತಾ ಪಕ್ಕದ ದಮ್‌ದಮ್‌ನಲ್ಲಿ ಒತ್ತಿದ ಪ್ಲೇಟು, ಇಂಡಿಯನ್ ಪ್ರೆಸ್ಸಿಂಗ್.

ತೊಂದರೆ ಎರಡು. ಈ ಆಲ್ಬಮ್ ಎದೆಬಡಿತದಿಂದ ಶುರುವಾಗುತ್ತೆ, ಗೊತ್ತಲ್ಲ? ನನ್ನ ಪ್ಲೇಟಿನಲ್ಲಿ ಎದೆಬಡಿತಕ್ಕಿಂತ ಮೊದಲು ಶೇಂಗಾ ಹುರಿಯೋ ಸದ್ದು ಬರುತ್ತೆ. ಎರಡನೇದು, ಮೊದಲ ಬದಿಯ ಕೊನೆಗೆ ಆ ಹೆಣ್ಣುಮಗಳು ಗಂಟಲು ಬಿಟ್ಟು ಹಾಡುವಾಗ ದನಿ ಹರಿದ ಬಟ್ಟೆ ಥರ ಆಗುತ್ತೆ.

ಬೆಂಗಳೂರಿನ ದೋಸ್ತ್ ಹೇಳುತ್ತಾನೆ: 'ಇಂಡಿಯನ್ ಪ್ರೆಸ್ಸಿಂಗ್ ಗೋಡೆಗೆ ನೇತುಹಾಕು, ಯುಕೆ ಫಸ್ಟ್ ಪ್ರೆಸ್ಸಿಂಗ್ ತಗೋ.' ನೋಡಿದೆ. ಒಳ್ಳೆ ಕಾಪಿ ಅಂದರೆ ಅರ್ಧ ಲಕ್ಷದ ಮಾತು. ಮನೆಯಲ್ಲಿ ಗೊತ್ತಾದರೆ ನನ್ನನ್ನೇ ರದ್ದಿಗೆ ಹಾಕುತ್ತಾರೆ.

ಹೇಳಿ, ನಿಜಕ್ಕೂ ಅಷ್ಟು ಫರಕ್ ಇರುತ್ತಾ? ಅಥವಾ ಹೊಸದಾಗಿ ಬಂದ 180 ಗ್ರಾಮಿನದು ತಗೊಂಡರೆ ಸಾಕಾ?

---

ಯಾದಗಿರಿ ಗುಡ್ಡ

ಮೊಬೈಲ್‌ನಲ್ಲಿ ಕೇಳಿ. ಶೇಂಗಾ ಸದ್ದು ಬರಲ್ಲ. ಖರ್ಚೂ ಇಲ್ಲ.

---

ವಾಡಿ ಜಂಕ್ಷನ್

ಬಂದ ನೋಡಿ ಗುಡ್ಡದ ತಮ್ಮ. ಪ್ರತಿ ಚರ್ಚೆಯಲ್ಲೂ ಮೊದಲ ಕಲ್ಲು ಇವನದೇ.

ತೊಗರಿನಾಡು ಅಣ್ಣ, ಫರಕ್ ಇದೆ. ಖರೇನೇ ಇದೆ. ಈ ಒಂದು ಆಲ್ಬಮ್ಮನ್ನು ಎಷ್ಟು ಸಲ, ಎಷ್ಟು ಕಡೆ ಕೆತ್ತಿದ್ದಾರೆ (ಟೇಪಿನ ಹಾಡನ್ನು ಮೂಲ ಪ್ಲೇಟಿಗೆ ಗೆರೆಯಾಗಿ ಹಾಕೋದು) ಅನ್ನೋದು ದೊಡ್ಡ ಪುರಾಣ. ನನಗೆ ಗೊತ್ತಿರೋದು ಹೇಳುತ್ತೇನೆ.

1973ರ ಮಾರ್ಚ್‌ನಲ್ಲಿ ಬಂದದ್ದು. ಯುಕೆ ನಂಬರ್ ಎಸ್‌ಎಚ್‌ವಿಎಲ್ 804. ಮೊಟ್ಟಮೊದಲ ಕಾಪಿಗಳ ಲೇಬಲ್ ನಡುವೆ ತಿಳಿನೀಲಿ ಬಣ್ಣ ತುಂಬಿದ ತ್ರಿಕೋನ ಇರುತ್ತೆ. ಆಮೇಲಿನ ಕಾಪಿಗಳಲ್ಲಿ ತ್ರಿಕೋನದ ಗೆರೆ ಮಾತ್ರ, ಒಳಗೆ ಖಾಲಿ. ಆ ತುಂಬಿದ ತ್ರಿಕೋನಕ್ಕೇ ನಿಮ್ಮ ದೋಸ್ತ್ ಹೇಳಿದ ಅರ್ಧ ಲಕ್ಷ. ಅದರ ಡೆಡ್ ವ್ಯಾಕ್ಸ್‌ನಲ್ಲಿ, ಅಂದರೆ ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ, ಎ-2, ಬಿ-2 ಅಂತ ಕೆತ್ತನೆಯ ನಂಬರ್ ಇರಬೇಕು.

ಆಮೇಲೆ ಜಪಾನಿನ ತೋಷಿಬಾ ಕಾಪಿ. ಸದ್ದುಗದ್ದಲ ಇಲ್ಲದ ಪ್ಲೇಟು ಬೇಕು ಅನ್ನೋರು ಅದನ್ನೇ ಹುಡುಕುತ್ತಾರೆ. 1979ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿಯವರು ಹಾಫ್ ಸ್ಪೀಡ್‌ನಲ್ಲಿ ಕೆತ್ತಿದ್ದು ಬಂತು. 2003ರಲ್ಲಿ 30ನೇ ವರ್ಷದ್ದು, ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಮಾಡಿದ್ದು. 2016ರಲ್ಲಿ ಜೇಮ್ಸ್ ಗಥ್ರಿ, ಜೋಯಲ್ ಪ್ಲಾಂಟೆ, ಬರ್ನಿ ಗ್ರಂಡ್‌ಮನ್ ಮಾಡಿದ್ದು. 2023ರಲ್ಲಿ 50ನೇ ವರ್ಷದ್ದು.

ನನ್ನ ಹತ್ರ 2016ರದ್ದು ಇದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಯಿಂದ ತೊಡೆ ಮೇಲೆ ಇಟ್ಟುಕೊಂಡು ತಂದದ್ದು. ಮಸ್ತ್ ಇದೆ.

---

ನಿದ್ದೆಗೆಟ್ಟವಳು (ಕಲಬುರಗಿ)

180 ಗ್ರಾಮ್ ಅಂದರೆ ದಪ್ಪ ಪ್ಲೇಟು ಅಲ್ವಾ? ದಪ್ಪ ಇದ್ದಷ್ಟೂ ಗೆರೆ ಆಳ, ಅದಕ್ಕೇ ಸೌಂಡ್ ಜಾಸ್ತಿ ಅಂತ ಕೇಳಿದ್ದೆ.

---

ಸೂಜಿಕಾಕಾ

ಇಲ್ಲ ತಂಗಿ. ರೊಟ್ಟಿ ದಪ್ಪ ಆದರೆ ರುಚಿ ಜಾಸ್ತಿ ಆಗುತ್ತಾ? ಗೆರೆಯ ಆಳ ತೀರ್ಮಾನ ಆಗೋದು ಕೆತ್ತುವ ಯಂತ್ರದ ಹತ್ತಿರ. ಅಲ್ಲಿ 180 ಗ್ರಾಮ್ ಪ್ಲೇಟಿಗೂ 120 ಗ್ರಾಮ್ ಪ್ಲೇಟಿಗೂ ಬೇರೆ ಬೇರೆ ಗೆರೆ ಕೆತ್ತಲ್ಲ. ದಪ್ಪ ಇದ್ದರೆ ಕೈಗೆ ಘನ ಅನಿಸುತ್ತೆ, ಸುಲಭಕ್ಕೆ ಸೊಟ್ಟ ಆಗಲ್ಲ. ಅಷ್ಟೇ.

ಇನ್ನು ತೊಗರಿನಾಡು, ತಮ್ಮಾ, ಪ್ಲೇಟು ಬೈಯುವ ಮೊದಲು ಸೂಜಿ ನೋಡು. ಎತ್ತು ಕುಂಟುತ್ತಿದ್ದರೆ ದಾರಿ ಬೈದು ಏನು ಉಪಯೋಗ? ಯಾವ ಪ್ಲೇಯರ್, ಯಾವ ಸೂಜಿ, ಎಷ್ಟು ದಿನದ್ದು, ಸೂಜಿ ಮೇಲೆ ಎಷ್ಟು ಭಾರ ಇಟ್ಟಿದ್ದೀ, ಪ್ಲೇಟು ಒಮ್ಮೆಯಾದರೂ ತೊಳೆದಿದ್ದೀಯಾ? ಇದನ್ನು ಹೇಳದೆ ಯುಕೆ, ಜಪಾನ್ ಅಂದರೆ ಹೇಗೆ?

ನಾನು ಸ್ಟೇಷನ್ ರೋಡಿನಲ್ಲಿ ಮೂವತ್ತು ವರ್ಷ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಪ್ಲೇಟು ಕೆಟ್ಟಿದೆ ಅಂತ ಬಂದ ಹತ್ತು ಜನರಲ್ಲಿ ಏಳು ಜನರದ್ದು ಸೂಜಿ ಕೆಟ್ಟಿರುತ್ತಿತ್ತು.

---

ತೊಗರಿನಾಡು

ಕಾಕಾ, ಪ್ಲೇಯರ್ ಬೆಲ್ಟ್ ಡ್ರೈವ್, ತಗೊಂಡು ಎರಡು ವರ್ಷ. ಸೂಜಿ ಅದರ ಜೊತೆ ಬಂದದ್ದೇ. ಭಾರ… ಅಂಗಡಿಯವನು ಇಟ್ಟುಕೊಟ್ಟಿದ್ದು, ಮುಟ್ಟಿಲ್ಲ. ಪ್ಲೇಟು ಹಳೆ ಬನಿಯನ್ ತೊಯಿಸಿ ಒರೆಸಿದೆ.

---

ಸೂಜಿಕಾಕಾ

ಬನಿಯನ್!

---

ಬಿದ್ರಿಹೂಜಿ (ಬೀದರ್)

ಕಾಕಾ ಎದೆ ಹಿಡಿದುಕೊಂಡು ಕೂತಿರುತ್ತಾರೆ ಈಗ.

ತೊಗರಿನಾಡು ಅವರೇ, ಆ ಕೊನೆಯ ಹಾಡು ಹರಿಯೋದಕ್ಕೆ ಒಂದು ಲೆಕ್ಕ ಇದೆ. ಪ್ಲೇಟು ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಹೊರಗಿನ ಅಂಚಿನಲ್ಲಿ ಆ ಒಂದು ಸುತ್ತು ಸುಮಾರು 90 ಸೆಂಟಿಮೀಟರ್ ಉದ್ದ. ಲೇಬಲ್ ಹತ್ತಿರ ಬಂದಾಗ 40 ಸೆಂಟಿಮೀಟರಿಗಿಂತ ಕಡಿಮೆ. ಅಷ್ಟೇ ಹೊತ್ತಿನ ಸಂಗೀತವನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಬೇಕು. ಶರಣಬಸವೇಶ್ವರ ಜಾತ್ರೆ ದಿನದ ಬಸ್ಸು ಇದ್ದ ಹಾಗೆ. ಏರು ದನಿಯ ಸಣ್ಣ ಸಣ್ಣ ತಿರುವುಗಳು ಒತ್ತಾಗಿ ಬಿಡುತ್ತವೆ, ಮೊಂಡು ಸೂಜಿ ಅದರೊಳಗೆ ಇಳಿಯಲ್ಲ.

ಈ ಆಲ್ಬಮ್ಮಿನಲ್ಲಿ ಕ್ಲೇರ್ ಟೋರಿ ಹಾಡಿದ್ದು ಸರಿಯಾಗಿ ಮೊದಲ ಬದಿಯ ಕೊನೆಯಲ್ಲಿ ಇದೆ. ಎಲ್ಲಕ್ಕಿಂತ ಕಷ್ಟದ ದನಿ, ಎಲ್ಲಕ್ಕಿಂತ ಇಕ್ಕಟ್ಟಿನ ಜಾಗ. ಅರ್ಧ ಲಕ್ಷದ ಕಾಪಿ ಹಾಕಿದರೂ ಮೊಂಡು ಸೂಜಿಗೆ ಅಲ್ಲಿ ಹರಿಯುತ್ತೆ.

---

ಯಾದಗಿರಿ ಗುಡ್ಡ

ಹಾಗಾದರೆ ಈ ತಂತ್ರಜ್ಞಾನದಲ್ಲೇ ದೋಷ ಇದೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. 🙂

---

ಬಿದ್ರಿಹೂಜಿ

ಒಪ್ಪಿಕೊಂಡೆ. ನಿನಗೆ ಸಿಹಿ ಹಂಚಲಾ?

---

ನಿದ್ದೆಗೆಟ್ಟವಳು

ಆ ಕ್ಲೇರ್ ಟೋರಿಗೆ ಆ ದಿನ ಕೊಟ್ಟಿದ್ದು ಬರೀ 30 ಪೌಂಡ್ ಅಂತೆ. ಭಾನುವಾರ ಅಂತ ಡಬಲ್ ರೇಟ್ ಕೊಟ್ಟು ಅಷ್ಟು! ಆಮೇಲೆ ಕೋರ್ಟಿಗೆ ಹೋದರು, 2005ರಲ್ಲಿ ರಾಜಿ ಆಗಿ ಹಾಡಿನಲ್ಲಿ ಅವರ ಹೆಸರೂ ಸೇರಿತು. ಮೂವತ್ತು ವರ್ಷ ಬೇಕಾಯಿತು.

---

ವಾಡಿ ಜಂಕ್ಷನ್

ಪ್ರೊಡ್ಯೂಸರ್ ಆಲನ್ ಪಾರ್ಸನ್ಸ್ ಅಲ್ವಾ? ಅವರಾದರೂ ಸ್ವಲ್ಪ ಜಾಸ್ತಿ ಕೊಡಿಸಬೇಕಿತ್ತು.

---

ಬಿದ್ರಿಹೂಜಿ

ಪಾರ್ಸನ್ಸ್ ರೆಕಾರ್ಡಿಂಗ್ ಎಂಜಿನಿಯರ್. ಪ್ರೊಡ್ಯೂಸ್ ಮಾಡಿದ್ದು ಬ್ಯಾಂಡೇ. ಮಿಕ್ಸಿಂಗ್ ಟೈಮಿಗೆ ಕ್ರಿಸ್ ಥಾಮಸ್ ಬಂದು ಮೇಲುಸ್ತುವಾರಿ ನೋಡಿಕೊಂಡರು. ಆದರೆ 'ಟೈಮ್' ಹಾಡಿನ ಶುರುವಿಗೆ ಆ ಗಡಿಯಾರಗಳೆಲ್ಲ ಒಟ್ಟಿಗೆ ಬಡಿಯೋದಿದೆಯಲ್ಲ, ಅದನ್ನು ರೆಕಾರ್ಡ್ ಮಾಡಿಕೊಂಡು ಬಂದವರು ಪಾರ್ಸನ್ಸೇ. ಕ್ವಾಡ್ (ನಾಲ್ಕು ಸ್ಪೀಕರಿನ) ಸದ್ದು ತೋರಿಸೋದಕ್ಕೆ ಅಂತ ಮಾಡಿದ್ದು, ಆಲ್ಬಮ್ಮಿಗೆ ಬಂತು.

---

ಶಹಾಬಾದ್ ಫರ್ಸಿ

ನಮ್ಮ ಅಪ್ಪಾಜಿ ಹತ್ರ ಎಚ್‌ಎಂವಿ ಫಿಯೆಸ್ಟಾ ಇತ್ತು. ಸೂಟ್‌ಕೇಸ್ ಥರ ಮುಚ್ಚೋದು. ಸಿಮೆಂಟ್ ಫ್ಯಾಕ್ಟರಿ ಕಾಲೊನಿಯಲ್ಲಿ ಭಾನುವಾರ ಬಂದರೆ ಒಬ್ಬರ ಮನೆಯಲ್ಲಿ ರಫಿ, ಒಬ್ಬರ ಮನೆಯಲ್ಲಿ ಮನ್ಸೂರರು, ಮೂಲೆಮನೆಯ ಆಂಗ್ಲೋ ಇಂಡಿಯನ್ ಫೋರ್‌ಮನ್ ಮನೆಯಲ್ಲಿ ಈ ನಿಮ್ಮ ರಾಕು. ಎಲ್ಲ ಒಂದೇ ಥರದ ಡಬ್ಬದಲ್ಲಿ.

ಈಗ ಅವೇ ಪ್ಲೇಟು ಒಳ್ಳೆ ಪ್ಲೇಯರ್‌ನಲ್ಲಿ ಹಾಕಿದರೆ ಸವೆದು ಬಿಳಿಚಿಕೊಂಡಿವೆ.

---

ಸೂಜಿಕಾಕಾ

ಫರ್ಸಿ ಅಕ್ಕ ಹೇಳಿದ್ದೇ ದೊಡ್ಡ ವಿಷಯ. ಇಂಡಿಯನ್ ಪ್ರೆಸ್ಸಿಂಗ್‌ಗೆ ಕೆಟ್ಟ ಹೆಸರು ಬಂದದ್ದು ಅರ್ಧ ಇದರಿಂದ. ಆ ಡಬ್ಬಗಳಲ್ಲಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಹಿಡಿದುಕೊಳ್ಳೋ ಭಾಗ). ಪ್ಲೇಟಿನ ಮೇಲೆ ಐದಾರು ಗ್ರಾಮ್ ಭಾರ ಬಿಡುತ್ತಿತ್ತು. ಈಗಿನ ಸೂಜಿಗೆ ಎರಡು ಗ್ರಾಮ್ ಸಾಕು. ಆಗ ಸೂಜಿ ನೀಲಮಣಿಯದು ಬೇರೆ, ಬೇಗ ಸವೆಯೋದು. ಸವೆದ ಸೂಜಿ ಅಂದರೆ ಉಳಿ. ಪ್ರತಿ ಸಲ ಹಾಕಿದಾಗಲೂ ಗೆರೆಯ ಗೋಡೆ ಕೆತ್ತುತ್ತಾ ಹೋಗುತ್ತೆ.

ಆಮೇಲೆ ಐವತ್ತು ವರ್ಷ ಬಿಟ್ಟು ಯಾರೋ ಆ ಪ್ಲೇಟನ್ನು ರದ್ದಿಯಲ್ಲಿ ಕೊಂಡು, 'ದಮ್‌ದಮ್ ಮಾಲು ಸರಿ ಇಲ್ಲ' ಅನ್ನುತ್ತಾರೆ. ದಮ್‌ದಮ್ ಏನು ಮಾಡಬೇಕು ಪಾಪ. ನನ್ನ ಹತ್ರ ಮನ್ಸೂರರ ಎಲ್‌ಪಿ ಇದೆ, ಅಲ್ಲಿಯದೇ. ಡಬ್ಬದ ಪ್ಲೇಯರ್ ಕಾಣದ ಪ್ಲೇಟು. ತಂಬೂರಿಯ ಜವಾರಿ, ಆ ಝೇಂಕಾರ, ಎಣಿಸಿಕೊಳ್ಳಬಹುದು, ಅಷ್ಟು ಚೊಕ್ಕ.

---

ತೊಗರಿನಾಡು

ಅಂದರೆ ನನ್ನದು ಹುಟ್ಟಿನಿಂದ ಕೆಟ್ಟಿದ್ದೋ, ಬದುಕಿ ಕೆಟ್ಟಿದ್ದೋ ಗೊತ್ತಾಗೋದು ಹೇಗೆ?

---

ಬಿದ್ರಿಹೂಜಿ

ಡೆಡ್ ವ್ಯಾಕ್ಸ್ ಓದಿ. ಹಾಡು ಮುಗಿದು ಲೇಬಲ್ ಶುರುವಾಗುವ ತನಕ ಖಾಲಿ ಜಾಗ ಇದೆಯಲ್ಲ, ಅಲ್ಲಿ. ಕೋಣೆ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮೇಲಿಂದ ಬಿಟ್ಟರೆ ಏನೂ ಕಾಣಲ್ಲ.

ಎಸ್‌ಎಚ್‌ವಿಎಲ್ 804 ಎ ಅಂತ, ಮುಂದೆ ಒಂದು ಅಂಕಿ ಕಂಡರೆ, ಕೆತ್ತನೆ ಲಂಡನ್‌ದು ಅಂತ ಅರ್ಥ. ಅಚ್ಚು ಅಲ್ಲಿಂದ ಬಂದದ್ದು, ಒತ್ತಿದ್ದು ಮಾತ್ರ ದಮ್‌ದಮ್‌ನಲ್ಲಿ. ಹಾಗಿದ್ದರೆ ನಿಮ್ಮ ಪ್ಲೇಟು ನಿಮ್ಮ ದೋಸ್ತ್ ಹೇಳುವಷ್ಟು ದೂರದ ಸಂಬಂಧಿ ಅಲ್ಲ.

ಯುಕೆ ಪ್ಲೇಟಿನಲ್ಲಿ ಇನ್ನೊಂದು ಮಜಾ ಇದೆ. ಮ್ಯಾಟ್ರಿಕ್ಸ್ ನಂಬರನ್ನು (ಈಗ ಹೇಳಿದ ಎಸ್‌ಎಚ್‌ವಿಎಲ್ ನಂಬರ್) ಗಡಿಯಾರದ ಆರರ ಜಾಗದಲ್ಲಿ ಇಟ್ಟು ಹಿಡಿಯಿರಿ. ಒಂಬತ್ತರ ಜಾಗದಲ್ಲಿ ಒಂದು ಅಂಕಿ, ಮೂರರ ಜಾಗದಲ್ಲಿ ಒಂದೆರಡು ಅಕ್ಷರ ಇರುತ್ತೆ. ಅಂಕಿ ತಾಯಿ ಅಚ್ಚಿನದು, ಅಂದರೆ ಸ್ಟ್ಯಾಂಪರ್ ತಯಾರಾಗುವ ಅಚ್ಚು. ಅಕ್ಷರ ಸ್ಟ್ಯಾಂಪರ್‌ದು, ಅಂದರೆ ಪ್ಲೇಟನ್ನು ಒತ್ತುವ ಅಚ್ಚು. ಆ ಅಕ್ಷರಕ್ಕೆ ಗುಟ್ಟು ಇದೆ. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. 'ಗ್ರಾಮಫೋನ್ ಲಿಮಿಟೆಡ್' ಅನ್ನೋದನ್ನೇ ಹಿಸುಕಿ ಹತ್ತು ಅಕ್ಷರ ಮಾಡಿದ್ದಾರೆ. ಜಿ ಅಂದರೆ 1, ಆರ್ ಅಂದರೆ 2, ಹಾಗೇ ಹೋಗಿ ಡಿ ಅಂದರೆ ಸೊನ್ನೆ. ನನ್ನ ಯುಕೆ ಕಾಪಿಯಲ್ಲಿ ಒಂದು ಬದಿಗೆ 'ಆರ್‌ಎ' ಇದೆ. 23ನೇ ಸ್ಟ್ಯಾಂಪರ್. ನಮ್ಮ ಊರಿನ ಕಿರಾಣಿ ಅಂಗಡಿಯವರು ಖರೀದಿ ರೇಟನ್ನು ಚೀಟಿ ಮೇಲೆ ಗುಟ್ಟಿನ ಅಕ್ಷರದಲ್ಲಿ ಬರೆಯುತ್ತಿದ್ದರಲ್ಲ, ಡಿಟ್ಟೋ ಅದೇ.

ನನ್ನದು ಖಾಲಿ ತ್ರಿಕೋನದ್ದು, ತುಂಬಿದ್ದಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾರೂ ಕಳ್ಳತನಕ್ಕೆ ಬರಬೇಡಿ.

---

ನಿದ್ದೆಗೆಟ್ಟವಳು

ಇದು ಪಿಜಿ ಪರೀಕ್ಷೆಗಿಂತ ಇಂಟ್ರೆಸ್ಟಿಂಗ್ ಆಗಿದೆ. ಹಾಗಾದರೆ ನಂಬರ್ ಸಣ್ಣದಿದ್ದಷ್ಟೂ ಸೌಂಡ್ ಚೆನ್ನ?

---

ಬಿದ್ರಿಹೂಜಿ

ಗ್ಯಾರಂಟಿ ಇಲ್ಲ. ಒಂದು ಸ್ಟ್ಯಾಂಪರ್‌ನಿಂದ ಒತ್ತಿದ ಮೊದಲ ಪ್ಲೇಟಿಗೂ ಕೊನೆಯ ಪ್ಲೇಟಿಗೂ ಫರಕ್ ಇರುತ್ತೆ, ಅಚ್ಚು ಸವೆಯುತ್ತಾ ಹೋಗುತ್ತಲ್ಲ. ಅದು ನಂಬರ್‌ನಲ್ಲಿ ಕಾಣಲ್ಲ. ಅದಕ್ಕೇ ಒಂದೇ ನಂಬರಿನ ಎರಡು ಕಾಪಿ ಎರಡು ಥರ ಕೇಳಬಹುದು. ನಂಬರ್ ನೋಡಿ ಕೊಳ್ಳೋದು ಜಾತಕ ನೋಡಿ ಮದುವೆ ಆದ ಹಾಗೆ.

---

ವಾಡಿ ಜಂಕ್ಷನ್

ಕೆತ್ತನೆ ಎಷ್ಟು ಮುಖ್ಯ ಅನ್ನೋದಕ್ಕೆ ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಎರಡನೇ ಆಲ್ಬಮ್ಮಿನ ಕಥೆ ಇದೆ. 1969ರಲ್ಲಿ ಬಾಬ್ ಲುಡ್ವಿಗ್ ಅದನ್ನು ಭಾರಿ ಜೋರಾಗಿ ಕೆತ್ತಿದರು. ಕಂಪನಿಯ ದೊಡ್ಡವರು ಅಹ್ಮತ್ ಎರ್ಟೆಗುನ್. ಒಂದು ಸಣ್ಣ ಪ್ಲೇಯರ್‌ನಲ್ಲಿ ಸೂಜಿ ಜಿಗಿದದ್ದು ಅವರಿಗೆ ಗೊತ್ತಾಯಿತಂತೆ. ಅಷ್ಟಕ್ಕೇ ಬಾಸ್ ಕಡಿಮೆ ಮಾಡಿ ಬೇರೆ ಕೆತ್ತಿಸಿದರು. ಈಗ ಡೆಡ್ ವ್ಯಾಕ್ಸ್‌ನಲ್ಲಿ 'ಆರ್‌ಎಲ್' (ರಾಬರ್ಟ್ ಲುಡ್ವಿಗ್, ಬಾಬ್ ಅವರ ಪೂರ್ತಿ ಹೆಸರು) ಅಂತ ಇರುವ ಆ ಮೊದಲಿನ ಪ್ಲೇಟಿಗೆ ಜನ ಹುಚ್ಚಾಗಿದ್ದಾರೆ. ಒಂದೇ ಹಾಡು, ಒಂದೇ ಕಂಪನಿ, ಒಂದು ಡಬ್ಬ ಪ್ಲೇಯರ್‌ನಿಂದ ಎರಡು ಥರ.

---

ಯಾದಗಿರಿ ಗುಡ್ಡ

ಅದಕ್ಕೇ ಹೇಳೋದು, ಎಲ್ಲ ಸಮಸ್ಯೆಗೂ ಡಬ್ಬ ಪ್ಲೇಯರೇ ಕಾರಣ.

ತಮಾಷೆ ಬಿಡಿ, ಒಂದು ಸೀರಿಯಸ್ ಪ್ರಶ್ನೆ. ಮೇ ತಿಂಗಳಿನಲ್ಲಿ ನಮ್ಮ ಕಡೆ 43, 44 ಡಿಗ್ರಿ. ಕೂಲರ್ ಇಲ್ಲದೆ ಯಾರೂ ಕೂರಲ್ಲ. ಕೂಲರ್ ಗಾಳಿ ಬಿಟ್ಟರೆ ಹೆಲಿಕಾಪ್ಟರ್ ಇಳಿದ ಹಾಗೆ ಸದ್ದು. ಅದರೊಳಗೆ ನೀವು ಎ-2, ಬಿ-2 ಫರಕ್ ಕೇಳುತ್ತೀರಾ?

---

ಸೂಜಿಕಾಕಾ

ಗುಡ್ಡ ಇವತ್ತು ಮೊದಲ ಸಲ ಸರಿಯಾದ ಮಾತು ಹೇಳಿದ್ದಾನೆ.

---

ವಾಡಿ ಜಂಕ್ಷನ್

ಕೂಲರ್ ಬಂದ್ ಮಾಡಿದರೆ ನಾನು ಬೇಯುತ್ತೇನೆ, ಚಾಲೂ ಮಾಡಿದರೆ ಎದೆಬಡಿತ ಕೇಳಲ್ಲ. ನಾನು ಬೆಳಗ್ಗೆ ಐದಕ್ಕೆ ಕೇಳುತ್ತೇನೆ. ನೈಟ್ ಡ್ಯೂಟಿ ಮುಗಿಸಿ ಬಂದು, ಚಹಾ ಇಟ್ಟು, ಒಂದು ಬದಿ. ಆಗ ಗೂಡ್ಸ್ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ.

ಬಿಸಿಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಜಪಾನ್ ಕಾಪಿ ಸಿಕ್ಕಿತ್ತು. ಈ ಆಲ್ಬಮ್ ಅಲ್ಲ, ಬೇರೆ. ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು ಊಟಕ್ಕೆ ಹೋದೆ. ಮುಕ್ಕಾಲು ತಾಸು. ಮುಚ್ಚಿದ ಕಾರಿನ ಒಳಗೆ ಬಿಸಿಲಿಗೆ 60 ಡಿಗ್ರಿ ದಾಟುತ್ತೆ, ಪ್ಲೇಟು ಅಷ್ಟಕ್ಕೆ ಮೆತ್ತಗಾಗುತ್ತೆ. ತೆಗೆದು ನೋಡಿದರೆ ಎಣ್ಣೆಗೆ ಬಿಟ್ಟ ಹಪ್ಪಳ. ಹೆಂಡತಿ 'ಪರವಾಗಿಲ್ಲ, ಗೋಡೆ ಗಡಿಯಾರ ಮಾಡಿಸಿ' ಅಂದಳು. ಅವಳು ಸಮಾಧಾನಕ್ಕೇ ಹೇಳಿದ್ದು. ನಾನು ಎರಡು ದಿನ ಮಾತಾಡಲಿಲ್ಲ.

---

ನಿದ್ದೆಗೆಟ್ಟವಳು

ಎರಡು ಶಹಾಬಾದಿ ಕಲ್ಲಿನ ನಡುವೆ ಇಟ್ಟು ಬಿಸಿಲಿಗೆ ಹಾಕಿದರೆ ನೆಟ್ಟಗಾಗಲ್ವಾ?

---

ಶಹಾಬಾದ್ ಫರ್ಸಿ

ಅಯ್ಯೋ ಬೇಡ ತಂಗಿ! ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಹರಳು, ದೂಳು ಇರುತ್ತೆ. ಬಿಸಿಯಾಗಿ ಮೆತ್ತಗಾದ ಪ್ಲೇಟಿನ ಮೇಲೆ ಅಷ್ಟು ಭಾರ ಹಾಕಿದರೆ ಗೆರೆಗಳೆಲ್ಲ ಅಲ್ಲೇ ಚಟ್ನಿ. ನಮ್ಮ ಕಲ್ಲು ಪ್ಲೇಟಿನ ಮೇಲೆ ಇಡೋದಲ್ಲ, ಪ್ಲೇಯರ್ ಕೆಳಗೆ ಇಡೋದು.

ಇದನ್ನು ಮಾತ್ರ ಎಲ್ಲರೂ ಮಾಡಿ. ಒಂದೂವರೆ ಅಡಿ ಚೌಕದ ಫರ್ಸಿ, ಒಂದೂವರೆ ಇಂಚು ದಪ್ಪದ್ದು. ಇಪ್ಪತ್ತು ಕಿಲೋ ಹತ್ತಿರ ತೂಗುತ್ತೆ. ಕೆಳಗೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬ್ ಮಡಿಚಿ ಇಡಿ. ಅದರ ಮೇಲೆ ಪ್ಲೇಯರ್. ಓಡಾಡಿದರೂ ಸೂಜಿ ಅಲುಗಲ್ಲ, ಸ್ಪೀಕರ್‌ನ ಬಾಸ್ ವಾಪಸ್ ಸೂಜಿಗೆ ಹತ್ತಲ್ಲ. ಫಾರಿನ್‌ನಲ್ಲಿ ಇದಕ್ಕೆ ಏನೇನೋ ಹೆಸರಿಟ್ಟು ಸಾವಿರಾರು ರೂಪಾಯಿ ತಗೊಳ್ಳುತ್ತಾರೆ. ನಮ್ಮ ಕಡೆ ಒಡೆದ ತುಂಡು ಕೇಳಿದರೆ ಪುಕ್ಕಟೆ ಕೊಡುತ್ತಾರೆ.

---

ತೊಗರಿನಾಡು

ಅಕ್ಕ, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲೇ ಒಂದು ಇದೆ. ಅವ್ವ ಬಿಟ್ಟುಕೊಡಬೇಕು ಅಷ್ಟೇ.

---

ನಿದ್ದೆಗೆಟ್ಟವಳು

ತೊಳೆಯೋ ವಿಷಯಕ್ಕೆ ನನ್ನ ಒಂದು ಪಾಪ ಹೇಳಿಕೊಳ್ಳುತ್ತೇನೆ. ಅಜ್ಜನ ಹಳೆಯ 78 ಆರ್‌ಪಿಎಂ ಪ್ಲೇಟು ಒಂದಿತ್ತು. ಸ್ಪಿರಿಟ್ ಹಾಕಿ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಇದೆ ಅಂತ ಖುಷಿಯಿಂದ ಇನ್ನೂ ತಿಕ್ಕಿದೆ. ಆಮೇಲೆ ಗೊತ್ತಾಯಿತು, ಬಂದದ್ದು ಕೊಳೆ ಅಲ್ಲ, ಪ್ಲೇಟೇ.

---

ಸೂಜಿಕಾಕಾ

78 ಅಂದರೆ ಅರಗಿನದು ತಂಗಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ, ಬಡಗಿಗಳು ಪಾಲಿಶ್ ಮಾಡೋದೇ ಹಾಗೆ. ಎಲ್‌ಪಿ ವಿನೈಲ್‌ದು, ಅದಕ್ಕೆ ನಡೆಯುತ್ತೆ. ಆದರೂ ಡಿಸ್ಟಿಲ್ಡ್ ವಾಟರ್‌ಗೆ ನಾಲ್ಕು ಹನಿ ಸಾಕು. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. ನಮ್ಮ ಬೋರ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಬಿಳಿ ಸುಣ್ಣ ಗೆರೆಯಲ್ಲಿ ಕೂರುತ್ತೆ. ಮೆತ್ತನೆ ಬ್ರಷ್, ಗೆರೆಯ ಗುಂಟ ತಿರುಗಿಸಬೇಕು, ಅಡ್ಡ ಅಲ್ಲ. ಲೇಬಲ್ ತೊಯಿಸಬೇಡಿ.

---

ಯಾದಗಿರಿ ಗುಡ್ಡ

ನಮ್ಮ ಮಾವ ಅಮೆರಿಕದಿಂದ ಪ್ಲೇಯರ್ ತಂದಿದ್ದರು. ಇಲ್ಲಿ ಹಾಕಿದರೆ ಎಲ್ಲ ಹಾಡೂ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ. ಒಂದು ವಾರ ಎಲ್ಲರೂ ಪ್ಲೇಟು ಸರಿ ಇಲ್ಲ ಅಂತ ಬೈದರು.

---

ಸೂಜಿಕಾಕಾ

ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹಾಕಿದ್ದಿರಬೇಕು, ಆದರೆ ಅದರಿಂದ ಕರೆಂಟಿನ ಸೈಕಲ್ (ಹರ್ಟ್ಜ್) ಬದಲಾಗಲ್ಲ. ಅಲ್ಲಿ ಕರೆಂಟು 60 ಹರ್ಟ್ಜ್, ಇಲ್ಲಿ 50. ಹಳೆ ಎಸಿ ಮೋಟಾರು ಅದನ್ನೇ ನಂಬಿ ತಿರುಗುತ್ತೆ. 33⅓ ಇದ್ದದ್ದು 28ಕ್ಕೂ ಕಮ್ಮಿ ಆಗುತ್ತೆ. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದ್ದು ಕೆಳಗಿನ ಬಿಳಿ ಆರಕ್ಕೆ ಇಳಿದಿರುತ್ತೆ. ಪುಲ್ಲಿ ಬದಲಾಯಿಸಿದರೆ ಸರಿ ಹೋಗುತ್ತೆ. ಇನ್ನೂ ಇದ್ದರೆ ತಗೊಂಡು ಬಾ.

---

ಯಾದಗಿರಿ ಗುಡ್ಡ

ಅಟ್ಟದ ಮೇಲೆ ಇದೆ ಕಾಕಾ. …ಇದನ್ನು ಯಾರೂ ನಾನು ಪಾರ್ಟಿ ಬದಲಾಯಿಸಿದೆ ಅಂತ ತಿಳಿಯಬೇಡಿ.

---

ಆಡ್ಮಿನ್

ಕೂಲರ್ ಯಾವುದು ಒಳ್ಳೆಯದು ಅಂತ ನನಗೆ ಖಾಸಗಿ ಮೆಸೇಜ್ ಹಾಕುತ್ತಿರುವವರು ದಯವಿಟ್ಟು ನಿಲ್ಲಿಸಿ. ಬೇರೆ ಚರ್ಚೆ ತೆರೆಯಿರಿ.

---

ತೊಗರಿನಾಡು

ಎಲ್ಲರಿಗೂ ವರದಿ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಸೂಜಿ. ಭಾರ ನೋಡೋದಕ್ಕೆ ಸರಾಫ ಅಂಗಡಿಯ ದೋಸ್ತ್ ಹತ್ರ ಹೋದೆ. ಪ್ಲೇಯರ್ ಹೊತ್ತುಕೊಂಡೇ ಹೋದೆ, ಗಿರಾಕಿಗಳೆಲ್ಲ ಅಡ ಇಡೋದಕ್ಕೆ ತಂದಿದ್ದಾನೆ ಅಂತ ತಿಳಿದರು. ಬಂಗಾರ ತೂಗುವ ತಕ್ಕಡಿಯನ್ನು ಪ್ಲೇಟಿನ ಜಾಗದಲ್ಲಿ ಇಟ್ಟು ಸೂಜಿ ಇಳಿಸಿದೆವು. 3.4 ಗ್ರಾಮ್! ದೋಸ್ತ್ ಹೇಳಿದ: 'ಇಷ್ಟು ಬಂಗಾರಕ್ಕೆ ಒಂದು ಉಂಗುರ ಆಗುತ್ತೆ ನೋಡು.' ಭೂತಗನ್ನಡಿಯಲ್ಲಿ ನೋಡಿದರೆ ಸೂಜಿ ಸುತ್ತ ಬನಿಯನ್‌ನ ನೂಲು ಸುತ್ತಿಕೊಂಡಿತ್ತು. ಕಾಕಾ, ತಪ್ಪಾಯಿತು.

ಹೊಸ ಆಡಿಯೊ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ ಹಾಕಿದೆ. ಎಲಿಪ್ಟಿಕಲ್ ಸೂಜಿ, ಸರಿಯಾಗಿ 2 ಗ್ರಾಮಿಗೆ ಇಟ್ಟೆ. ಪ್ಲೇಟು ಕಾಕಾ ಹೇಳಿದ ಹಾಗೆ ತೊಳೆದೆ, ಎರಡು ಸಲ. ಮೊದಲ ನೀರು ಚಹಾ ಬಣ್ಣಕ್ಕೆ ಬಂತು. ಡೆಡ್ ವ್ಯಾಕ್ಸ್‌ನಲ್ಲಿ ಎಸ್‌ಎಚ್‌ವಿಎಲ್ 804 ಎ ಅಂತ ಇದೆ. ಮುಂದಿನ ಅಂಕಿ ಮೇಲೇ ಯಾರೋ ಗೀಚಿದ್ದಾರೆ, ಓದೋಕೆ ಆಗಲಿಲ್ಲ. ಬಟ್ಟೆ ಒಗೆಯೋ ಕಲ್ಲು ಸಿಗಲಿಲ್ಲ. ಫರ್ಸಿ ಅಕ್ಕ ಲಗೇಜ್ ಆಟೋದಲ್ಲಿ ಒಂದು ಕಳಿಸಿದರು. ಅವರಿಗೆ ಶರಣು.

ಭಾನುವಾರ ಬೆಳಗ್ಗೆ ಐದೂವರೆ. ಬಿದ್ರಿಹೂಜಿ ಅವರು ಶನಿವಾರವೇ ಬೀದರ್ ರೈಲಿನಲ್ಲಿ ಯುಕೆ ಕಾಪಿ ತಂದಿದ್ದರು. ವಾಡಿ ಅಣ್ಣ 2016ರದ್ದು ತಂದರು. ಕಾಕಾ ಖುರ್ಚಿ ತಂದರು, ನಮ್ಮ ಸೋಫಾ ಅವರ ಬೆನ್ನಿಗೆ ಆಗಲ್ಲ. ಕೂಲರ್ ಬಂದ್. ಅಕ್ಕನ ಮಗಳು, ಒಂಬತ್ತು ವರ್ಷ, ಪ್ಲೇಟು ಬದಲಾಯಿಸೋದು ಅವಳ ಕೆಲಸ. ನಾವು ಗೋಡೆ ಕಡೆ ಮುಖ ಮಾಡಿ ಕೂತೆವು. ಅವಳು ಒಂದು, ಎರಡು, ಮೂರು ಅಂತ ಮಾತ್ರ ಹೇಳಬೇಕು. ವಾಲ್ಯೂಮ್ ಮೂರಕ್ಕೂ ಸಮ ಮಾಡಿಟ್ಟಿದ್ದೆವು, ಇಲ್ಲದಿದ್ದರೆ ಜೋರಿದ್ದದ್ದೇ ಚೆನ್ನ ಅನಿಸಿಬಿಡುತ್ತೆ ಅಂತ ಕಾಕಾ ಗದರಿಸಿದರು.

ಎದೆಬಡಿತಕ್ಕೆ ಮೂರನೇದು ಗೆದ್ದಿತು. ಒಂದೂ ಚಟಪಟ ಇಲ್ಲ, ಕತ್ತಲಿನಿಂದ ಎದ್ದು ಬಂದ ಹಾಗೆ. ಆಮೇಲೆ ಗೊತ್ತಾಯಿತು, ಅದು 2016ರದ್ದು. ಗಡಿಯಾರಗಳಿಗೆ ಎಲ್ಲರೂ ಒಂದನೇದಕ್ಕೆ ಕೈ ಎತ್ತಿದೆವು. ಒಂದೊಂದು ಗಡಿಯಾರವೂ ಬೇರೆ ಬೇರೆ ಮೂಲೆಯಲ್ಲಿ ತೂಗುಹಾಕಿದ ಹಾಗೆ, ಹಿತ್ತಾಳೆಯ ಕಂಪನ ಕೊನೆತನಕ ಕೇಳಿತು. ಅದು ಯುಕೆ.

ಎರಡನೇದು ನನ್ನದು, 250 ರೂಪಾಯಿದು. ಗಡಿಯಾರದಲ್ಲಿ ಯುಕೆಗಿಂತ ಕೂದಲೆಳೆ ಹಿಂದೆ. ಕಾಕಾ ಅಂತೂ ಎರಡು ಸಲ ಅದನ್ನೇ ಯುಕೆ ಅಂದರು. ಶೇಂಗಾ ಸದ್ದು ಮುಕ್ಕಾಲು ಹೋಗಿದೆ. ಕ್ಲೇರ್ ಟೋರಿ ಈಗ ಹರಿಯೋದು ಎರಡೇ ಕಡೆ, ಏರಿದ ದನಿಯ ತುದಿಯಲ್ಲಿ ಮಾತ್ರ. ಅಲ್ಲಿ ಹಳೆ ಯಾವುದೋ ಡಬ್ಬ ಪ್ಲೇಯರ್ ಗೋಡೆ ಕೆಡವಿ ಹೋಗಿದೆ. ಅದಕ್ಕೆ ಮದ್ದಿಲ್ಲ ಅಂದರು ಕಾಕಾ.

ಅರ್ಧ ಲಕ್ಷದ ಕಾಪಿ ಸದ್ಯಕ್ಕಿಲ್ಲ. ಸೂಜಿಗೆ ಕೊಟ್ಟದ್ದೇ ಮನೆಯಲ್ಲಿ ಇನ್ನೂ ಹೇಳಿಲ್ಲ.

---

ವಾಡಿ ಜಂಕ್ಷನ್

ನನ್ನ 2016ರದ್ದು ಬರೀ ಎದೆಬಡಿತದಲ್ಲಿ ಗೆದ್ದಿತು ಅಂತ ಬರೆದದ್ದು ಅನ್ಯಾಯ. ಎರಡನೇ ಬದಿಯ ಗಲ್ಲಾಪೆಟ್ಟಿಗೆ ಸದ್ದಿಗೆ ನಾನೂ ಹೂಜಿಯವರೂ ಅದಕ್ಕೇ ಕೈ ಎತ್ತಿದ್ದೆವು.

---

ಸೂಜಿಕಾಕಾ

ಆಗ ನೀವಿಬ್ಬರೂ ಸುಸ್ಲಾ ತಿನ್ನುತ್ತಿದ್ದಿರಿ. ತಿನ್ನುವಾಗ ಹಾಕಿದ ವೋಟು ನಡೆಯಲ್ಲ.

---

ಯಾದಗಿರಿ ಗುಡ್ಡ

ನನ್ನನ್ನು ಯಾಕೆ ಕರೆಯಲಿಲ್ಲ?

---

ತೊಗರಿನಾಡು

ಮೊಬೈಲ್‌ನಲ್ಲಿ ಕೇಳಿದೆ ಅಂದುಕೊಂಡೆವು ತಮ್ಮಾ. ಮುಂದಿನ ಸಲ ಬಾ, ಮಾವನ ಪ್ಲೇಯರ್ ತಗೊಂಡೇ ಬಾ.

---

ಬಿದ್ರಿಹೂಜಿ

ತೊಗರಿನಾಡು ಅವರೇ, ಮನೆಗೆ ಬಂದು ಕವರ್ ತೆಗೆದು ನೋಡಿದೆ. ಪೋಸ್ಟರ್ ಎರಡೂ ಇವೆ. ಸ್ಟಿಕರ್ ಎರಡರಲ್ಲಿ ಒಂದೇ ಇದೆ. 1970ರ ದಶಕದಿಂದ ಅಂಟಿಸದೆ ಉಳಿದು ಬಂದವು ಅವು. ನಿಮ್ಮ ಅಕ್ಕನ ಮಗಳನ್ನು ಒಮ್ಮೆ ಕೇಳುತ್ತೀರಾ?

---

ತೊಗರಿನಾಡು

ಕೇಳಿದೆ. ಫ್ರಿಜ್ ಬಾಗಿಲ ಮೇಲಿದೆ.

---

ಬಿದ್ರಿಹೂಜಿ

ಅಂಟಿಸಿಬಿಟ್ಟಳಾ???

---

ತೊಗರಿನಾಡು

ಇಲ್ಲ, ಮ್ಯಾಗ್ನೆಟ್ ಹಾಕಿ ನಿಲ್ಲಿಸಿದ್ದಾಳೆ. ವಾಪಸ್ ಕೊಡೋದಕ್ಕೆ ಒಂದು ಕುಲ್ಫಿ ಕೇಳುತ್ತಿದ್ದಾಳೆ.